ಐದನೆಯ ದಿನದ ಪೆನ್ನು

ಮೊನ್ನೆ ಮೊಮ್ಮಗಳು ಹುಟ್ಟಿ ಐದನೆಯ ದಿನ. ನಮ್ಮ ಕಡೆ ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸಿನ ತಲೆಯ ಬಳಿ ಒಂದು ಖಾಲಿ ಹಾಳೆ, ಒಂದು ಪೆನ್ನು ಇಡುತ್ತಾರೆ. ಸೆಟವಿ ತಾಯಿ ಬಂದು ಹಣೆಬರಹ ಬರೆದು ಹೋಗುತ್ತಾಳೆಂಬ ನಂಬಿಕೆ. ಹೆಂಡತಿ ಹಾಳೆ ಇಟ್ಟಳು. ನಾನು ಜೇಬಿನಿಂದ ಪೆನ್ನು ತೆಗೆದು ಕೊಡಲು ಹೋದೆ. ನೋಡಿದಳು, ಮುಟ್ಟಲಿಲ್ಲ.

"ನಿಮ್ದು ಬ್ಯಾಡ್ರಿ. ಬಾಜೂ ಮನಿಯವ್ರ ಕಡಿಂದ ಇಸ್ಕೊಂಡು ಬರ್ರಿ."

ಇಷ್ಟು ವರ್ಷ ಕಳೆದ ಮೇಲೂ... ನಾನು ಚಪ್ಪಲಿ ಮೆಟ್ಟಿದೆ.

ಈ ಕೂಸಿನ ತಾಯಿ, ಅಂದರೆ ನನ್ನ ಮಗಳು, ಹುಟ್ಟಿದ್ದು ಶಹಾಬಾದಿನಲ್ಲಿ, ಎಪ್ಪತ್ತೊಂದರ ಯುದ್ಧ ಮುಗಿದ ಮರುತಿಂಗಳು. ನಾನಾಗ ಮುನಿಸಿಪಾಲ್ಟಿಯಲ್ಲಿ ಹೊಸ ಗುಮಾಸ್ತ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕೂಸು ಕಾಲು ಮುಂದಾಗಿ ಬರುತ್ತಿತ್ತು. ಓಣಿಯ ಸೂಲಗಿತ್ತಿ ಕೈಚೆಲ್ಲಿ ಕೂತಳು. ಗುಲ್ಬರ್ಗಾ ದವಾಖಾನೆಗೆ ಒಯ್ಯಲು ನಾನು ಗಾಡಿ ಹುಡುಕುತ್ತಿದ್ದಾಗ ಯಾರೋ ಫರಸಿ ಕಲ್ಲಿನ ಗಣಿಯ ಜೋಪಡಿಯಿಂದ ಬಂಗಾಲಿ ಬಾಯಿ ಎಂಬ ಹೆಂಗಸನ್ನು ಕರೆತಂದರು.

ಊರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಿತ್ತು. ಪೂರ್ವ ಬಂಗಾಳದವಳು, ಅಲ್ಲಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಸೈನಿಕರು ಒಂದೇ ದಿನ ಕೊಂದಿದ್ದರು. ಗಡಿ ದಾಟಿ ಬಂದ ಮೇಲೆ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಅಲ್ಲಿಂದ ಯಾರಿಗೂ ಹೇಳದೆ ಕೂಲಿಗಳ ಗುಂಪಿನೊಂದಿಗೆ ರೈಲು ಹತ್ತಿ ನಮ್ಮ ಪಕ್ಕದ ವಾಡಿಯಲ್ಲಿ ಇಳಿದಿದ್ದಳು. ಗಣಿಯಲ್ಲಿ ಕಲ್ಲು ಹೊತ್ತು ಒರಟಾಗಿದ್ದ ಕೈಗೆ ಎಣ್ಣೆ ಸವರಿಕೊಂಡು ಒಳಗೆ ಹೋದಳು. ತಾಸಿನೊಳಗೆ ಮಗಳ ಅಳು ಕೇಳಿತು. ನಾನು ಹೊರಗೆ ಗೋಡೆಗಾತು ಅತ್ತುಬಿಟ್ಟೆ.

ಐದನೆಯ ದಿನ ನನ್ನ ಪೆನ್ನು ಕೇಳಿ ಇಸಿದುಕೊಂಡು, ಕೂಸಿನ ಬಳಿ ಇಟ್ಟವಳೂ ಆಕೆಯೇ. "ಹಮಾರೆ ಉಧರ್ ಆರನೇ ದಿನ, ಬಾಬು. ನಿಮ್ಮ ಸೆಟವಿ ತಾಯಿಗಿ ಭಾಳ ಜಲ್ದಿ ಅದ," ಎಂದು ನಕ್ಕಳು. ನನ್ನ ಹೆಂಡತಿ ಆಕೆಯನ್ನು ಅಕ್ಕ ಎನ್ನತೊಡಗಿದ್ದಳು.

ಹದಿನೈದು ದಿನಕ್ಕೆ ಪೊಲೀಸ್ ಠಾಣೆಯ ಫೌಜುದಾರರು ನಮ್ಮ ಕಚೇರಿಗೆ ಬಂದರು. ಯುದ್ಧ ಮುಗಿದಿದೆ, ಬಂದವರೆಲ್ಲ ಮರಳಬೇಕೆಂದು ಸರ್ಕಾರದ ಹುಕುಂ. ಸಾಲದ್ದಕ್ಕೆ ಅದೇ ವಾರ ಗಣಿಯಲ್ಲಿ ಕಲ್ಲು ಸಿಡಿಸುವ ಮದ್ದಿನ ಪೆಟ್ಟಿಗೆಯೊಂದು ಕಾಣೆಯಾಗಿತ್ತು.

"ಬಂಗಾಲಿ ಬಾಯಿ ಮ್ಯಾಲ ನನಗೇನು ಶಂಕಾ ಇಲ್ರಿ. ಆದ್ರ ಇದು ಮದ್ದಿನ ಊರು, ಬಾಜೂಕೇ ವಾಡಿ ಜಂಕ್ಷನ್. ಕಾಗದಾ ಇಲ್ಲದ ಮಂದೀನ ಹ್ಯಾಂಗ ಬಿಡ್ಲಿ? ನೌಕರಿ ಮಾಡೋರು ಒಬ್ರು 'ಈಕಿನ್ನ ಬಲ್ಲೆ, ಜವಾಬ್ದಾರಿ ನಂದು' ಅಂತ ಬರದು ಕೊಟ್ರ, ಇರ್ಲಿಕ್ಕೆ ಬಿಡ್ರಿ ಅಂತ ಮ್ಯಾಲಿನವ್ರಿಗಿ ನಾ ಬರೀತೀನಿ. ಅಕಿ ನಿಮ್ಮ ಹೆಸರು ಹೇಳ್ಯಾಳ."

ಫೌಜುದಾರರು ಕೆಟ್ಟವರಲ್ಲ. ಊರು ಕಾಯುವವನಿಗೆ ಆ ಭಯ ಇರಬೇಕಾದದ್ದೇ. ಭಯವನ್ನೂ ಇಟ್ಟುಕೊಂಡು ಆಕೆಗೊಂದು ದಾರಿಯನ್ನೂ ಹುಡುಕಿದ್ದರು. ನನ್ನ ತಲೆಯಲ್ಲಿ ಮಾತ್ರ ಊರೂ ಇರಲಿಲ್ಲ, ದೇಶವೂ ಇರಲಿಲ್ಲ, ಕಾಯಂ ಆಗದ ನೌಕರಿಯೊಂದೇ ಇತ್ತು. ಅದೇ ಪೆನ್ನು ತೆಗೆದು ಬರೆದೆ: "ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಹೆಚ್ಚಿನ ಪರಿಚಯವಿಲ್ಲ." ಸುಳ್ಳೂ ಅಲ್ಲದ, ನಿಜವೂ ಅಲ್ಲದ ಇಂಥ ಸಾಲು ಬರೆಯುವುದರಲ್ಲಿ ಗುಮಾಸ್ತರು ಬಲು ಬೇಗ ಪಳಗುತ್ತಾರೆ.

ಫೌಜುದಾರರು ಓದಿ, "ಇಷ್ಟೇ ಏನ್ರಿ?" ಎಂದರು. ಹೌದೆಂದು ತಲೆಯಾಡಿಸಿದೆ.

ಆಕೆಯನ್ನು ರೈಲು ಹತ್ತಿಸುವ ದಿನ ಹಸಿ ಬಾಣಂತಿ ನನ್ನ ಹೆಂಡತಿ, ಯಾರ ಮಾತೂ ಕೇಳದೆ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಹೋದಳು. ಪೊಲೀಸರ ನಡುವೆ ಕೂತಿದ್ದ ಬಂಗಾಲಿ ಬಾಯಿ ಕೂಸಿನ ಅಂಗಾಲು ಮುಟ್ಟಿ, ಇವಳನ್ನೇ ಸಮಾಧಾನ ಮಾಡಿದಳಂತೆ. "ಅಳಬ್ಯಾಡ. ಬಾಬು ಬರ್ದಾರ. ಕಾಗದಾ ಮುಟ್ಲಿಕ್ಕೆ ತಡಾ ಆಗ್ಯದ, ಅಷ್ಟೇ."

ಮನೆಗೆ ಬಂದು ಹೆಂಡತಿ ಕೇಳಿದಳು, "ಏನು ಬರ್ದೀರಿ?" ಹೇಳಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮದ್ದಿನ ಪೆಟ್ಟಿಗೆ ಗಣಿಯ ಸಾಮಾನಿನ ಕೋಠಿಯಲ್ಲೇ ಚೀಲಗಳ ಹಿಂದೆ ಸಿಕ್ಕಿತು. ನನ್ನ ನೌಕರಿ ಕಾಯಂ ಆಯಿತು, ಅದರ ಪಿಂಚಣಿಯನ್ನೇ ಈಗಲೂ ಉಣ್ಣುತ್ತಿದ್ದೇನೆ. ಬಂಗಾಲಿ ಬಾಯಿ ಎಲ್ಲಿಗೆ ಮುಟ್ಟಿದಳೋ, ಬದುಕಿದಳೋ ಇಲ್ಲವೋ, ಗೊತ್ತಿಲ್ಲ. ಆಕೆಗೆ ಅಲ್ಲಿ ಯಾರೂ ಉಳಿದಿರಲಿಲ್ಲ ಎಂಬುದು ಮಾತ್ರ ಗೊತ್ತು. ಬರೆಯುವಾಗಲೂ ಗೊತ್ತಿತ್ತು.

ಮೊನ್ನೆ ಬಾಜೂ ಮನೆಯವರು ಪೆನ್ನು ಕೊಡುತ್ತ ನನ್ನ ಅಂಗಿಯ ಕಡೆ ನೋಡಿದರು.

"ನಿಮ್ಮ ಜೇಬಿನ್ಯಾಗೇ ಅದಲ್ರಿ?"

"ಅದು ಬರಿಯಂಗಿಲ್ರಿ," ಎಂದೆ.