ಕಿಟಕಿ ಬದಿಯ ಸೀಟು

ಮೋಟರ್ ವೈಂಡಿಂಗ್ ಮಾಡುವವನಿಗೆ ಮೊದಲು ಬೇಕಾದದ್ದು ಕೂತ ಜಾಗದಲ್ಲಿ ಕೂಡುವ ಬುದ್ಧಿ. ತಂತಿಯ ಸುತ್ತಿನ ಲೆಕ್ಕ ತಪ್ಪಿದರೆ ರೈತನ ಪಂಪು ಮತ್ತೆ ಸುಟ್ಟುಕೊಂಡು ವಾಪಸು ಬರುತ್ತದೆ. ಮುರ್ತುಜಾನಿಗೆ ಆ ಬುದ್ಧಿ ಇತ್ತು. ಅಫಜಲಪುರದ ಬಸ್ ನಿಲ್ದಾಣದ ಹಿಂದೆ ನನ್ನ ಬೀಜ, ಗೊಬ್ಬರದ ಅಂಗಡಿ. ಅದರ ಗೋಡೆಗೆ ಅಂಟಿಕೊಂಡು ಅವನ ಅಂಗಡಿ. ಬೆಳಗ್ಗೆ ಕೂತರೆ ಮಧ್ಯಾಹ್ನದ ನಮಾಜಿಗೇ ಏಳುತ್ತಿದ್ದ. ಗಿರಾಕಿ ಬೈದರೂ ತಲೆ ಎತ್ತುತ್ತಿರಲಿಲ್ಲ, ನಾನು ಚಹಾಕ್ಕೆ ಕರೆದರೆ ಕೈಯಲ್ಲಿದ್ದ ಸುರುಳಿ ಮುಗಿಯುವ ತನಕ ಹೂಂ ಎನ್ನುತ್ತಿರಲಿಲ್ಲ.

ಅಂಥವನು ಈ ಚಳಿಗಾಲ ಕಾಲಿಗೆ ಚಕ್ರ ಕಟ್ಟಿಕೊಂಡುಬಿಟ್ಟ. ಅರ್ಧ ಸುತ್ತಿದ ಮೋಟರು ಬಿಟ್ಟು ಎದ್ದು ಹೋಗುವುದು, ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುವುದು, ಏನೋ ಹೇಳಲು ಹೋಗಿ ಹಾಗೇ ಮರಳುವುದು. ಒಂದು ಮೋಟರನ್ನು ಉಲ್ಟಾ ತಿರುಗುವಂತೆ ಜೋಡಿಸಿ ಕಳಿಸಿದ. ಅದರ ಒಡೆಯ, ಸೊನ್ನ ಊರಿನ ರೈತ, ದಿನವೆಲ್ಲ ಗುಂಡಿ ಒತ್ತಿ, ಹನಿ ನೀರು ಬಾರದೆ, ಅದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದು ನನ್ನೆದುರಿಗೇ ಅವನ ಜನ್ಮ ಜಾಲಾಡಿದ. ನನಗೂ ಸಿಟ್ಟು ಬಂತು. ಗೆಳೆಯನೆಂದು ನಾನೇ ಆ ಗಿರಾಕಿಯನ್ನು ಅವನ ಬಳಿ ಕಳಿಸಿದ್ದೆ.

ಇದರ ಬೇರು ಏಳೆಂಟು ವರ್ಷ ಹಿಂದಿನದು. ಆಗ ಆ ಅಂಗಡಿಯಲ್ಲಿ ಇಬ್ಬರಿದ್ದರು. ಮುರ್ತುಜಾ ಮೋಟರ್ ಸುತ್ತುತ್ತಿದ್ದ, ಗುರುನಾಥ ಅದನ್ನು ಹೊಲಕ್ಕೆ ಒಯ್ದು ಬೋರಿಗೆ ಇಳಿಸುತ್ತಿದ್ದ. ಎಳ್ಳ ಅಮಾಸಿಯ ಮರುದಿನ ಇಬ್ಬರೂ ಜೇವರ್ಗಿ ಕಡೆಯ ಹಳ್ಳಿಯಲ್ಲಿ ಪಂಪು ಕೂಡಿಸಿ ಕ್ರೂಸರ್ ಜೀಪಿನಲ್ಲಿ ಮರಳುತ್ತಿದ್ದರು. ಹಿಂದಿನ ದಿನ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಕಂಠಮಟ್ಟ ತಿಂದಿದ್ದ ಗುರುನಾಥನಿಗೆ ಹೊಟ್ಟೆ ತೊಳಸತೊಡಗಿತು. ‘ಭಾಯಿ, ಗಾಳಿ ಬೇಕಾಗೇದ, ಕಿಡಕಿ ಕಡೆ ನಾ ಕೂಡ್ತೇನಿ’ ಎಂದ. ಮುರ್ತುಜಾ ಸರಿದು ಜಾಗ ಕೊಟ್ಟ. ಹೊತ್ತು ಮುಳುಗುತ್ತಿತ್ತು. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದೀಪವಿರಲಿಲ್ಲ, ಟ್ರಾಲಿಯ ಕಬ್ಬು ರಸ್ತೆಗೆ ಚಾಚಿಕೊಂಡಿತ್ತು. ಅದು ಕಿಟಕಿಯನ್ನು ಉಜ್ಜಿಕೊಂಡು ಹೋಯಿತು. ಗುರುನಾಥ ಅಲ್ಲೇ ಹೋದ. ಮುರ್ತುಜಾನಿಗೆ ಮೊಣಕೈ ತರಚಿತು, ಅಷ್ಟೇ.

ಊರೆಲ್ಲ ಅವನಿಗೆ ಒಂದೇ ಮಾತು ಹೇಳಿತು: ದೇವರು ಕಾಯ್ದ. ನಾನೂ ಹೇಳಿದೆ. ಅಂಥ ಹೊತ್ತಿನಲ್ಲಿ ಬೇರೆ ಏನು ಹೇಳುತ್ತಾರೆ, ನೀವೇ ಹೇಳಿ. ಮುರ್ತುಜಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಪ್ರತಿ ವರ್ಷ ಅದೇ ದಿನ ಗೋಧಿ ರೊಟ್ಟಿ ಮುರಿದು, ಬೆಲ್ಲ ತುಪ್ಪ ಕಲಸಿ ಮಲೀದಾ ಮಾಡಿಸಿ, ಸೊನ್ನದ ದಾರಿಯ ದರ್ಗಾಕ್ಕೆ ಒಯ್ದು ಫಾತಿಹಾ ಓದಿಸುವುದು, ಬಂದು ಓಣಿಗೆಲ್ಲ ಹಂಚುವುದು. ಮೊದಲ ಭಾಂಡಿ ಹೋಗುತ್ತಿದ್ದದ್ದು ಉಮಾಬಾಯಿಯ ಮನೆಗೆ. ಉಮಾಬಾಯಿ ಗುರುನಾಥನ ಹೆಂಡತಿ, ನಮ್ಮ ಓಣಿಯ ಅಂಗನವಾಡಿ ನಡೆಸುವವಳು. ಸತ್ತ ಗೆಳೆಯನ ಮನೆಗೆ ಮೊದಲು ಕೊಡುವುದು ಮರ್ಯಾದೆ ಎಂದು ಅವನ ಲೆಕ್ಕ. ಅವಳ ಗಂಡ ಸತ್ತ ದಿನವೇ, ಆ ಗಂಡನ ಬದಲು ಉಳಿದವನ ಹರಕೆಯ ಸಿಹಿ ಅವಳ ಬಾಗಿಲಿಗೆ ಹೋಗುತ್ತಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ಎರಡೆರಡು ಸಲ ಹಾಕಿಸಿಕೊಂಡು ತಿಂದವನು. ಉಮಾಬಾಯಿ ಸುಮ್ಮನೆ ಇಸಿದುಕೊಳ್ಳುತ್ತಿದ್ದಳು. ಬಂದ ಭಾಂಡಿಯನ್ನು ನಮ್ಮ ಕಡೆ ಬರಿದಾಗಿ ಮರಳಿಸುವುದಿಲ್ಲ. ಮರುದಿನ ಅದರಲ್ಲಿ ಒಂದು ಹಿಡಿ ಶೇಂಗಾ ಇಟ್ಟು ಕಳಿಸುತ್ತಿದ್ದಳು.

ಈ ಸಲ ದೀಪಾವಳಿ ರಜೆಗೆ ಮುರ್ತುಜಾನ ಮಗಳು ಜಸ್ಮೀನ ಬಂದಳು. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅಪ್ಪನಿಗೆ ಚಹಾ ತಂದವಳು ನನಗೂ ಒಂದು ಕಪ್ಪು ಕೊಟ್ಟು ಮಾತಿಗೆ ನಿಂತಳು.

‘ಅಬ್ಬಾ, ಕೆಲವು ವಿಜ್ಞಾನಿಗಳು ಏನಂತಾರ ಗೊತ್ತದೇನು? ಲೋಕ ಇದೊಂದೇ ಅಲ್ಲಂತ. ಏನೇನು ಆಗಬಹುದಿತ್ತೋ ಅದೆಲ್ಲಾ ಒಂದಿಲ್ಲೊಂದು ಲೋಕದಾಗ ಆಗೇದಂತ. ಇಲ್ಲಿ ನಾ ಚಾ ತಂದೇನಿ, ಇನ್ನೊಂದರಾಗ ದಾರ್ಯಾಗೇ ಚೆಲ್ಲೇನಿ.’

‘ಹಾಂಗಾದ್ರ ನನ್ನ ತಲಿಮ್ಯಾಲ ಕೂದಲಿರೋ ಲೋಕಾನೂ ಇರಬೇಕಲ್ಲವಾ’ ಎಂದು ನಾನು ನಕ್ಕೆ. ಜಸ್ಮೀನಳೂ ನಕ್ಕಳು. ಮುರ್ತುಜಾ ನಗಲಿಲ್ಲ. ಕೈಯಲ್ಲಿದ್ದ ತಂತಿ ಬಿಟ್ಟ.

‘ಕಿಡಕಿ ಕಡೆ ನಾನೇ ಕೂತದ್ದೂ ಒಂದು ಇರಬೇಕಲ್ಲ, ಬೇಟಾ?’

ಹುಡುಗಿಯ ಮುಖ ಸಣ್ಣದಾಯಿತು. ‘ಇದು ಬರೇ ಲೆಕ್ಕದ ಮಾತು ಅಬ್ಬಾ. ಎಲ್ಲಾರೂ ಒಪ್ಪಿಲ್ಲ. ಯಾರೂ ಹೋಗಿ ನೋಡಿ ಬಂದಿಲ್ಲ’ ಎಂದಳು. ಆದರೆ ಆ ಮಾತು ಅಷ್ಟರಲ್ಲಿ ಅವನ ತಲೆ ಹೊಕ್ಕಾಗಿತ್ತು.

ಅವತ್ತಿನಿಂದ ಶುರುವಾಯಿತು ನನ್ನ ಅಂಗಡಿಯ ಮೆಟ್ಟಿಲಿಗೆ ಅವನ ಓಡಾಟ. ಒಂದು ದಿನ ಗಿರಾಕಿ ಇದ್ದಾಗಲೇ ಬಂದು ನಿಂತು ಕೇಳಿದ: ‘ರಾಘಣ್ಣಾ, ಅಲ್ಲಾ ನನ್ನ ಉಳಿಸಿದ ಅಂತ ಇಷ್ಟು ವರ್ಷ ಕೈ ಎತ್ತೇನಿ. ಎರಡೂ ಆಗ್ಯಾವ ಅಂದ್ರ ಅವ ನನ್ನ ಆರಿಸಿಲ್ಲ. ನಾ ಉಳಿದ ಕಡೆ ನಾ ಇದ್ದೇನಿ, ಅಷ್ಟೇ. ಮತ್ತ ನಾ ಯಾತಕ್ಕ ಶುಕ್ರಾನಾ ಮಾಡ್ಲಿ, ಯಾವ ಉಪಕಾರ ನೆನೀಲಿ?’

‘ಜೀವ ಐತಲ್ಲ, ಅದಕ್ಕ ಮಾಡು. ಮೊದಲ ಆ ಸೊನ್ನದವನ ಮೋಟರ್ ಸರಿ ಮಾಡು’ ಎಂದು ಗದರಿದೆ. ದೇವರ ವಿಷಯ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಬ್ಬಕ್ಕೆ ಕಾಯಿ ಒಡೆಯುತ್ತೇನೆ, ಅಲ್ಲಿಗೆ ಮುಗಿಯಿತು. ಆದರೆ ದೇವರನ್ನೇ ನಂಬಿ ನೆಟ್ಟಗೆ ನಿಂತವನೊಬ್ಬ ಕಣ್ಣೆದುರಿಗೇ ಅಲುಗಾಡುವುದನ್ನು ನೋಡಲಾಗುವುದಿಲ್ಲ, ನನಗೆ ಹೆದರಿಕೆಯಾಗುತ್ತಿತ್ತು.

ಮುರ್ತುಜಾ ಮಸೀದಿಯ ಇಮಾಮರ ಬಳಿ ಹೋದ. ಅವರು ಸಮಾಧಾನದ ಮನುಷ್ಯ. ‘ನೀ ನಮಾಜಿನ್ಯಾಗ ದಿನಾ ಏನು ಓದ್ತಿ? ರಬ್ಬಿಲ್ ಆಲಮೀನ್. ಲೋಕಗಳ ಒಡೆಯ. ಒಂದೇ ಲೋಕದ ಒಡೆಯ ಅಂತ ಎಲ್ಲಿ ಹೇಳ್ಯಾರ?’ ಎಂದರಂತೆ. ಒಳ್ಳೆಯ ಮಾತೇ. ಬೇರೆಯವನಾಗಿದ್ದರೆ ಮನೆಗೆ ಬಂದು ಮಲಗುತ್ತಿದ್ದ. ಇವನು ನನ್ನ ಅಂಗಡಿಗೆ ಬಂದ.

‘ಅಲ್ಲಿಗೂ ಅವನೇ ಒಡೆಯ ಅಂದ್ರ, ನಾ ಸತ್ತ ಕಡೇನೂ ಅವನೇ ಇದ್ದಾನ. ಅಲ್ಲಿ ಖಮರ ಒಬ್ಬಾಕೇ ಕೂತಾಳ.’ ಖಮರ ಅವನ ಹೆಂಡತಿ, ಆಳಂದದವಳು. ‘ಗುರುನಾಥ ಉಳಿದಾನ. ದೇವರು ಕಾಯ್ದ ಅಂತ ಗುಡಿಗೆ ಕಾಯಿ ಒಡಸಾಕತ್ತಾನ. ನಾ ಸತ್ತ ದಿನಾನೇ ಆ ಪ್ರಸಾದ ಖಮರನ ಬಾಗಲಿಗೆ ಬರ್ತದ...’

ಅಷ್ಟಕ್ಕೇ ಬಿಟ್ಟು ನನ್ನ ಕಡೆ ತಿರುಗಿದ.

‘ರಾಘಣ್ಣಾ, ಉಮಾಬಾಯಿಗೆ ನಾ ಏನು ಕಳಿಸ್ಕೋತ ಬಂದೆ?’

ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದ ನಾನು ಗಲ್ಲಾದ ಚಿಲ್ಲರೆ ಎಣಿಸತೊಡಗಿದೆ.

ಎಳ್ಳ ಅಮಾಸಿ ಮುಗಿದು ಮರುದಿನ ಬಂತು. ತುಪ್ಪ ತರಲೇ ಎಂದು ಖಮರ ಕೇಳಿದ್ದಕ್ಕೆ ಬೇಡವೆಂದು ಮುರ್ತುಜಾ ಅಂಗಡಿಗೆ ಬಂದಿದ್ದ. ಕೂಡುವುದು, ಏಳುವುದು, ಮತ್ತೆ ಕೂಡುವುದು. ಮಧ್ಯಾಹ್ನ ಅಂಗನವಾಡಿ ಬಿಟ್ಟ ಮೇಲೆ ಉಮಾಬಾಯಿ ಬಂದಳು. ಒಳಗೆ ಹೋಗಿ ಗುರುನಾಥ ಕೂಡುತ್ತಿದ್ದ ಸ್ಟೂಲಿನ ಮೇಲೆ ಕೂತಳು. ನಾನು ಗೋಡೆಯಾಚೆಯಿಂದ ಎದ್ದು ಬಂದೆ.

‘ಮುರ್ತುಜಾಭಾಯಿ, ಇವತ್ತ ಮಲೀದಾ ಬರ್ಲಿಲ್ಲ.’

ಅವನು ಎಲ್ಲ ಹೇಳಿಬಿಟ್ಟ. ಮಗಳ ಮಾತು, ಇನ್ನೊಂದು ಲೋಕ, ಕಿಟಕಿ, ಖಮರನ ಬಾಗಿಲು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಅವನು ನಿಲ್ಲಿಸಲಿಲ್ಲ. ‘ನನ್ನ ಖುಷಿ ನಿನ್ನ ಬಾಗಲಿಗೆ ತಂದು ಸುರುವಿದೆ, ಅಕ್ಕಾ’ ಎಂದು ಮುಖ ಮುಚ್ಚಿಕೊಂಡ.

ಉಮಾಬಾಯಿ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

‘ಮೊದಲನೇ ವರ್ಷ ಎಮ್ಮಿಗೆ ಹಾಕಿದೆ. ಭಾಂಡಿ ನಿನ್ನ ಅಂಗಳದಾಗ ಒಗೀಬೇಕಂತ ಅನಸಿತ್ತು. ಎರಡನೇ ವರ್ಷಾನೂ ಎಮ್ಮಿಗೇ ಹಾಕಿದೆ. ಮೂರನೇ ವರ್ಷಕ್ಕ ಎಮ್ಮಿ ಮಾರಿದ್ದೆ, ನಾನೇ ತಿಂದೆ. ತಿಂದು ಅತ್ತೆ. ನಮ್ಮ ಮನಿಯವರ ಅಣ್ಣತಮ್ಮರು ಆ ದಿನಕ್ಕ ಎರಡು ವರ್ಷ ಬಂದರು, ಆಮ್ಯಾಲ ಬರೋದು ಬಿಟ್ಟರು. ಊರಾಗ ಆ ದಿನ ನೆನಪಿಟ್ಟು ಒಲಿ ಹಚ್ಚೋದು ನಿನ್ನ ಮನಿ ಒಂದೇ. ನಿನ್ನ ಖುಷಿಗೇ ಹಚ್ತಿದ್ದಿ ಅಂಬೋದು ನನಗ ಗೊತ್ತದ.’

‘ಆ ಲೋಕದಾಗ ಗುರುನಾಥನೂ ಖಮರಗ ಹಿಂಗೇ ಕಳಿಸ್ತಿದ್ದ’ ಎಂದ ಮುರ್ತುಜಾ.

‘ಕಳಿಸ್ತಿದ್ದಿಲ್ಲ’ ಎಂದಳು. ‘ನನ್ನ ಗಂಡ ನನಗ ಗೊತ್ತಿಲ್ಲೇನು? ನಮ್ಮ ಮಗಳ ಹುಟ್ಟಿದ ದಿನಾನೇ ಮರೀತಿದ್ದ. ನಾನೇ ನೆನಪು ಮಾಡಬೇಕಿತ್ತು. ನಾನೂ ಮಾಡ್ತಿದ್ದಿಲ್ಲ. ಗಂಡ ಉಳಿದನಲ್ಲ ಅಂತ ಬಾಗಲಾ ಹಾಕ್ಕೊಂಡು ಕೂಡ್ತಿದ್ದೆ. ಅಲ್ಲಿ ನೀ ಸತ್ತಿದ್ರ ನಿನ್ನ ಹೆಸರಿಲೆ ಓಣ್ಯಾಗ ಒಂದು ತುತ್ತು ಇಡೋರಿಲ್ಲ.’

ಎದ್ದು ಸೆರಗು ಸರಿಮಾಡಿಕೊಂಡಳು. ‘ದೇವರು ಆರಿಸ್ಯಾನೋ ಇಲ್ಲೋ, ಅದು ನೀನೂ ಅವನೂ ಜಗಳಾಡ್ರಿ. ನನ್ನ ಭಾಂಡಿ ನನಗ ಬರಬೇಕು.’

ಮುರ್ತುಜಾ ಅಂಗಡಿ ಹಾಗೇ ಬಿಟ್ಟು ಮನೆಗೆ ಓಡಿದ. ಹೊತ್ತು ಇಳಿಯುವಷ್ಟರಲ್ಲಿ ನನ್ನ ಬೈಕಿನ ಹಿಂದೆ ಭಾಂಡಿ ಹಿಡಿದು ಕೂತಿದ್ದ. ದರ್ಗಾ ನೋಡಿಕೊಳ್ಳುವ ಮುಜಾವರರು ಲೋಬಾನದ ಹೊಗೆ ಹಾಕಿ, ಪ್ರತಿ ವರ್ಷ ಕೇಳುವ ಹಾಗೆ ಯಾರ ಹೆಸರಲ್ಲಿ ಎಂದು ಕೇಳಿದರು. ಪ್ರತಿ ವರ್ಷ ಇವನು ಶುಕ್ರಾನಾ ಎನ್ನುತ್ತಿದ್ದ.

‘ಗುರುನಾಥ’ ಎಂದ. ಮುಜಾವರರು ತಲೆಯಾಡಿಸಿದರು. ಆ ದರ್ಗಾಕ್ಕೆ ಅಂಥ ಹೆಸರು ಹೊಸದಲ್ಲ.

‘ಇನ್ನೊಂದು, ಮುರ್ತುಜಾ.’

‘ಯಾವ ಮುರ್ತುಜಾ?’

‘ನಾನೇ ರೀ. ಕಿಡಕಿ ಕಡೆ ಕೂತವ.’

ಮುಜಾವರರು ನನ್ನ ಮುಖ ನೋಡಿದರು. ಇವನಿಗೆ ತಲೆ ಕೆಟ್ಟಿದೆ ಎಂದು ಹೇಳಬಹುದಿತ್ತು, ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಬಂದಿದ್ದೆ. ‘ಓದ್ರಿ’ ಎಂದೆ. ಅವರು ಓದಿದರು. ನಾನು ಅಳುತ್ತಿದ್ದೆ, ಯಾರಿಗಾಗಿ ಎಂದು ಕೇಳಬೇಡಿ.

ಮರಳುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಬೈಕನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಂತೆ. ಅದು ದಾಟಿದ ಮೇಲೂ ಮುರ್ತುಜಾ ಹೋಗೋಣ ಎನ್ನಲಿಲ್ಲ.

‘ರಾಘಣ್ಣಾ, ಆ ಲೋಕದಾಗ ಈಗ ನಿನ್ನ ಹಿಂದ ಯಾರೂ ಕೂತಿಲ್ಲ’ ಎಂದ.

ನಾನು ಗಾಡಿ ಚಾಲು ಮಾಡಿದೆ. ಉಮಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಭಾಂಡಿ ಇಸಿದುಕೊಂಡು, ಯಾರ ಹೆಸರಲ್ಲಿ ಓದಿಸಿದಿರಿ ಎಂದು ಕೇಳಿದಳು.

‘ಸತ್ತವರಿಬ್ಬರದೂ, ಅಕ್ಕಾ’ ಎಂದ ಮುರ್ತುಜಾ.