ಪುಟ್ಟತಾಯಮ್ಮನಿಗೆ ಬಿದ್ದ ಒಂದು ಚುಕ್ಕಿ

ನನ್ನ ಗಂಡನ ಹೆಸರು ಚಿಕ್ಕಯ್ಯ. ಬಾಯಲ್ಲಿ ಯಾವತ್ತೂ ಹೇಳಿದವಳಲ್ಲ. ಬರೆದರೆ ತಪ್ಪಿಲ್ಲ ಅಂದುಕೊಂಡು ಬರೆದಿದ್ದೀನಿ.

ಕಿಕ್ಕೇರಿಗೆ ಎರಡು ಮೈಲಿ ನಮ್ಮೂರು. ಅವರು ಊರಿಗೆ ನೀರುಗಂಟಿ. ಇಪ್ಪತ್ತಾರು ವರ್ಷ ಬೆಳಗ್ಗೆ ಎದ್ದು ಮೋಟಾರು ಹಾಕಿ, ಟ್ಯಾಂಕು ತುಂಬಿಸಿ, ಬೀದಿ ಬೀದಿಗೆ ವಾಲ್ವು ತಿರುಗಿಸಿ ನೀರು ಬಿಟ್ಟರು. ಹೋದ ಮಾಘದಲ್ಲಿ ಟ್ಯಾಂಕಿನ ಹತ್ತಿರ ಹೋದವರು ಅಲ್ಲೇ ಕೂತರು, ಏಳಲಿಲ್ಲ. ಐವತ್ತೆಂಟು ವಯಸ್ಸು. ಅವತ್ತು ಮೇಲಿನ ಬೀದಿಗೆ ನೀರು ಬರಲಿಲ್ಲ. ನೀರು ಯಾಕೆ ಬರಲಿಲ್ಲ ಅಂತ ಬಯ್ಯೋಕೆ ಹೋದವರೇ ಮೊದಲು ನೋಡಿದ್ದು.

ಅವರು ಕಥೆ ಬರೆಯುತ್ತಿದ್ದರು. ಫೋನಿನಲ್ಲಿ. ಟಿವೀಲಿ ಬರೋ ಧಾರಾವಾಹಿ, ನೋಡಿದ ಸಿನಿಮಾ, ಅದರಲ್ಲಿ ಬರೋ ಜನರನ್ನೇ ಇಟ್ಟುಕೊಂಡು ಮುಂದೇನಾಯ್ತು ಅಂತ ಅವರವರೇ ಕಥೆ ಬರೆದು ಹಾಕೋಕೆ ಫೋನಿನಲ್ಲಿ ಒಂದು ಜಾಗ ಇದೆ. ಓದಿದವರು ಕೆಳಗೆ ಚುಕ್ಕಿ ಒತ್ತುತ್ತಾರೆ. ಒಂದರಿಂದ ಐದು. ಈಗ ಆ ಜಾಗ ನಡೆಸೋರು ಎಲ್ಲರಿಗೂ ಒಂದು ಸುದ್ದಿ ಹಾಕಿದ್ದಾರೆ. ನಿಮ್ಮ ಕಥೆಗೆ ಚುಕ್ಕಿ ಇರಲೋ ಬೇಡವೋ, ಬರೆದವರೇ ಹೇಳಿ, ಈ ತಿಂಗಳೊಳಗೆ ಅಂತ.

ಬರೆದವರು ಇಲ್ಲ. ನಾನು ಹೇಳಬೇಕು. ಹೇಳೋಕೆ ನನಗೇನು ಯೋಗ್ಯತೆ? ಅವರ ಕಥೆಗೆ ಬಿದ್ದ ಒಂದೇ ಒಂದು ಕೆಟ್ಟ ಚುಕ್ಕಿ ನಾನು ಹಾಕಿದ್ದು.

ಅದನ್ನ ಹೇಳೋಕೆ ಮುಂಚೆ ಅವರು ಎಂಥವರು ಅಂತ ಹೇಳಬೇಕು.

ನನ್ನ ತವರು ಅಕ್ಕಿಹೆಬ್ಬಾಳು. ಹೇಮಾವತಿ ದಂಡೆ. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪೇಟೆ ಟೆಂಟಿಗೆ ಸಿನಿಮಾಕ್ಕೆ ಕರಕೊಂಡು ಹೋಗುತ್ತಿದ್ದರು. ನಾವು ಕೆ.ಆರ್. ಪೇಟೆಗೆ ಪೇಟೆ ಅಂತಲೇ ಅನ್ನೋದು. ಒಂದು ಸಿನಿಮಾದಲ್ಲಿ ನಾದಿನಿ ಪಾತ್ರದವಳು ಬಾವಿಗೆ ಬಿದ್ದು ಸತ್ತಳು. ನಾನು ಅತ್ತುಬಿಟ್ಟೆ. ವಾಪಸ್ ಬರುವಾಗ ಇವರು ಪೆಡಲು ತುಳೀತಾ ತುಳೀತಾ ಹೇಳಿದರು.

"ಅವ್ಳು ಸತ್ತಿಲ್ಲ ಕಣಮ್ಮಿ. ಬಾವೀಲಿ ಮೆಟ್ಟಿಲಿತ್ತು."

"ನೀವ್ ನೋಡಿದ್ರಾ?"

"ಸಿನ್ಮಾದೋನು ಆ ಕಡೆ ತೋರಿಸ್ನಿಲ್ಲ ಅಷ್ಟೆಯಾ."

ಕಿಕ್ಕೇರಿ ಕೆರೆ ಏರಿ ಬರೋ ಹೊತ್ತಿಗೆ ಅವಳು ಮೇಲೆ ಬಂದು, ಬೇರೆ ಊರು ಸೇರಿ, ಒಬ್ಬ ಒಳ್ಳೆ ಗಾರೆ ಕೆಲಸದವನನ್ನ ಮದುವೆಯಾಗಿದ್ದಳು. ನಮ್ಮೂರು ಬರೋದರೊಳಗೆ ಎರಡು ಮಕ್ಕಳು. ನನಗೆ ಸಿನಿಮಾ ಈಗ ನೆನಪಿಲ್ಲ. ಆ ಗಾರೆ ಕೆಲಸದವನು ನೆನಪಿದ್ದಾನೆ.

ಅವರಿಗೆ ಯಾರೂ ಬಿಟ್ಟು ಹೋಗಬಾರದು. ಕಥೆಯಲ್ಲಾದರೂ.

ಐದು ವರ್ಷದ ಹಿಂದೆ ಸಾಯಂಕಾಲ ಒಂದು ಧಾರಾವಾಹಿ ಬರುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕ ಒಂದು ದೊಡ್ಡ ಮನೆ. ಆ ಮನೆಯಲ್ಲಿ ಅಡುಗೆ ಮಾಡುವವಳು ಪುಟ್ಟತಾಯಮ್ಮ. ಬಂದವರಿಗೆಲ್ಲ ಮೊದಲು ಊಟ ಆಯ್ತಾ ಅಂತ ಕೇಳೋಳು, ಆಮೇಲೆ ಬೇರೆ ಮಾತು. ಇವರಿಗೆ ಅವಳಂದರೆ ಪ್ರಾಣ. ಒಂದು ದಿನ ಧಾರಾವಾಹಿಯವರು ಅವಳನ್ನ ಕಾಶಿಯಾತ್ರೆಗೆ ಬಸ್ಸು ಹತ್ತಿಸಿದರು. ವಾಪಸ್ ಕರಕೊಂಡು ಬರಲೇ ಇಲ್ಲ. ಆ ಮನೆಯವರು ಯಾರೂ ಕೇಳಲೂ ಇಲ್ಲ. ವರ್ಷ ಆಯ್ತು. ಧಾರಾವಾಹಿ ಮುಗಿದೂ ಹೋಯ್ತು.

"ಕಾಸಿಗೆ ಓದೋಳು ಎಸ್ಟು ದಿನ ಅಂತ ಬರಕ್ಕಿಲ್ಲ? ಇಪ್ಪತ್ತು ವರ್ಸ ಅನ್ನ ಬೇಯ್ಸಾಕವ್ಳೆ. ಎಲ್ಲವ್ವ ಅಂತ ಕೇಳೋ ಒಬ್ಬ ಗಂಡ್ಸಿಲ್ಲ ಆ ಮನೇಲಿ!" ಅಂತ ದಿನಾ ಕೂಗಾಡೋರು. ನಾನು ಮುದ್ದೆ ತಟ್ಟುತ್ತಾ, "ಅದು ಬಣ್ಣ ಅಚ್ಚೋರ ಕತೆ, ನಿಮ್ಗ್ಯಾಕೆ" ಅನ್ನುತ್ತಿದ್ದೆ.

ನಮ್ಮ ಮಗಳು ಅಕ್ಷಿತಾ ಪಾಂಡವಪುರದಲ್ಲಿ ಗಂಡನ ಜೊತೆ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಅವಳೇ ಈ ಜಾಗ ತೋರಿಸಿದ್ದು. "ಅಪ್ಪ, ಅವ್ವನ ತಲೆ ತಿನ್ನೋ ಬದ್ಲು ಇಲ್ಲಿ ಬರಿ" ಅಂತ ಅವರ ಫೋನಿಗೂ ಹಾಕಿದಳು, ನನ್ನ ಫೋನಿಗೂ ಹಾಕಿದಳು.

ಟ್ಯಾಂಕು ತುಂಬೋಕೆ ಎರಡು ಗಂಟೆ ಬೇಕು. ಆ ಎರಡು ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತು ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯೋರು. ವಾರಕ್ಕೊಂದು ಕಂತು. ಪುಟ್ಟತಾಯಮ್ಮನನ್ನ ಕಾಶಿಯಿಂದ ಮನೆಗೆ ತರುವ ಕಥೆ. ಬರೆದದ್ದನ್ನ ಮೊದಲು ಕಿಕ್ಕೇರಿಯ ದೊರೆಸ್ವಾಮಿ ಮೇಷ್ಟ್ರಿಗೆ ತೋರಿಸೋರು. ಮೇಷ್ಟ್ರು ದೇವಸ್ಥಾನದ ಹತ್ತಿರದ ಮನೆಯವರು, ರಿಟೈರಾಗಿದ್ದಾರೆ. ಕಾಗುಣಿತ ತಿದ್ದಿಕೊಡೋರು.

ಕಥೆಯಲ್ಲಿ ಇವರು ಬೆಂಗಳೂರಿನಿಂದ ಬಂದ ಪುಟ್ಟತಾಯಮ್ಮನನ್ನ ಬೆಳ್ಳೂರು ಕ್ರಾಸಿನಲ್ಲಿ ಇಳಿಸಿದರು. ಅಲ್ಲಿಂದ ನಾಗಮಂಗಲ. ಶ್ರೀರಂಗಪಟ್ಟಣದ ಇಂದಿರ ಅನ್ನೋರೊಬ್ಬರು ಓದಿ ಕೆಳಗೆ ಬರೆದಿದ್ದರು. 'ಬೆಂಗಳೂರಲ್ಲಿ ರೈಲು ಹತ್ತಿದ್ರೆ ನೇರ ನಮ್ಮೂರು. ಪಾಪ ಆ ವಯಸ್ಸಾದವರನ್ನ ಯಾಕೆ ಇಷ್ಟು ಸುತ್ತಿಸ್ತಿದೀರಿ?' ಇವರು ಉತ್ತರ ಕೊಟ್ಟರು. 'ಮೂರು ವರ್ಷ ಆದ ಮೇಲೆ ಬರುತ್ತಿರೋಳು. ನೆಂಟರಿಷ್ಟರನ್ನ ನೋಡಿಕೊಂಡು ಬರಬೇಡವೇ ತಾಯಿ.'

ನನಗೆ ಗೊತ್ತಿತ್ತು. ಅವು ನಾವಿಬ್ಬರೂ ಓಡಾಡಿದ ಊರುಗಳು. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟತಾಯಮ್ಮನ ಚಪ್ಪಲಿ ಉಂಗುಷ್ಠ ಕಿತ್ತುಹೋಯ್ತು ಅಂತ ಬರೆದಿದ್ದರು. ಕಿತ್ತದ್ದು ನನ್ನ ಚಪ್ಪಲಿ. ಅಕ್ಷಿತಾ ಹೊಟ್ಟೆಯಲ್ಲಿದ್ದಾಗ. ಅವರ ಚಪ್ಪಲಿ ನನಗೆ ಕೊಟ್ಟು ಅವರು ಬರಿಗಾಲಲ್ಲಿ ನಡೆದಿದ್ದರು.

ಆ ಕಂತು ಓದಿ ನನಗೆ ಏನೋ ಆಯ್ತು. ಅವರಿಗೆ ಹೇಳಲಿಲ್ಲ. ನಮ್ಮಲ್ಲಿ ಅಂಥದ್ದೆಲ್ಲ ಹೇಳೋ ರೂಢಿ ಇಲ್ಲ. ಕಥೆ ಕೆಳಗೆ ಐದು ಖಾಲಿ ಚುಕ್ಕಿ ಇದ್ದವು. ನಾನು ಮೊದಲನೇದು ಒತ್ತಿದೆ. ಹಳದಿ ಆಯ್ತು. ಉಳಿದ ನಾಲ್ಕು ಬಿಟ್ಟೆ.

ಯಾಕೆ ಬಿಟ್ಟೆ ಅಂದರೆ, ನಮ್ಮ ಕಡೆ ಮದುವೆಗೆ ಮುಂಚೆ ಅರಿಶಿನ ಕುಟ್ಟೋ ಶಾಸ್ತ್ರ ಇದೆ. ಐದು ಜನ ಮುತ್ತೈದೆಯರು ಬೇಕು. ಒಬ್ಬೊಬ್ಬರದು ಒಂದೊಂದು ಏಟು. ಮೊದಲ ಏಟು ಮನೆಯವಳದು. ಒನಕೆಯನ್ನ ಪಕ್ಕದವಳಿಗೆ ಕೊಡಬೇಕು. ಒಬ್ಬಳೇ ಐದೂ ಏಟು ಹಾಕಿದರೆ ಶುಭ ಅಲ್ಲ, ದುರಾಸೆ ಅಂತಾರೆ. ಐದು ಚುಕ್ಕಿ ನೋಡಿದಾಗ ನನಗೆ ಅದೇ ಬಂದದ್ದು. ಮನೆಯವಳು ನಾನು, ಮೊದಲನೇದು ನನ್ನದು. ಉಳಿದದ್ದು ಬೇರೆಯವರು ತುಂಬಲಿ. ಶುಭವಾಗಲಿ ಅಂತಲೇ ಒತ್ತಿದ್ದು.

ಅಲ್ಲೀವರೆಗೆ ಅವರ ಕಥೆಗೆ ಐದಕ್ಕೆ ಐದು ಇತ್ತಂತೆ. ಚುಕ್ಕಿ ಹಾಕಿದ್ದವರು ಮೂರೇ ಜನ. ಅಕ್ಷಿತಾ, ಮೇಷ್ಟ್ರು, ಇಂದಿರ. ನಾನು ಒತ್ತಿದ ಮೇಲೆ ನಾಲ್ಕಕ್ಕೆ ಇಳೀತು. ಮೊದಲ ಪುಟದಲ್ಲಿ ಕಾಣುತ್ತಿದ್ದದ್ದು ಎಲ್ಲೋ ಕೆಳಗೆ ಹೋಯ್ತು.

ಮಾರನೇ ದಿನ ಅವರು ಟ್ಯಾಂಕಿನಿಂದ ಬಂದು ತಿಂಡಿ ಮುಟ್ಟಲಿಲ್ಲ. "ಯಾರೋ ಕತೆ ಚೆನ್ನಾಗಿಲ್ಲ ಅಂತ ಒತ್ತವ್ರೆ" ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾವ ಮುಂಡೆ ಒತ್ತಿದ್ದೋ, ಅವ್ಳ ಕೈ ಸೇದೋಗ" ಅಂತ ಬೈದೆ. ಬೈಗುಳ ಯಾರಿಗೆ ತಗುಲಬೇಕೋ ಅವರಿಗೇ ತಗುಲಿತು.

ಬರೆಯೋದು ನಿಂತಿತು. ಮೇಷ್ಟ್ರು ಮನೆಗೇ ಬಂದರು.

"ಏನಯ್ಯಾ ಚಿಕ್ಕಯ್ಯ, ಮೂವತ್ತೆರಡು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದೀನಿ. ಕಮ್ಮಿ ಬಂತು ಅಂತ ಒಬ್ಬನೂ ಸ್ಲೇಟು ಒಡೆದು ಹಾಕಲಿಲ್ಲ. ನೀನೇನು ಎಳೇ ಮಗು ಆಡಿದಂಗೆ ಆಡ್ತೀಯ?"

"ಸಾ, ನೀವು ಕೆಂಪು ಇಂಕಲ್ಲಿ ತಪ್ಪು ಎಲ್ಲೈತೆ ಅಂತ ಗುಂಡಾಕಿ ಕೊಡ್ತಿದ್ರಿ. ಇವ್ನು ಏನೂ ಯೋಳ್ದಂಗೆ ಒತ್ತ್ಬುಟ್ಟು ಓಗವ್ನೆ. ಎಲ್ಲಿ ತಪ್ಪಾಯ್ತು ಅಂತ ತಿದ್ಕಳ್ಳಿ ನಾನು?"

"ಚುಕ್ಕಿ ಇಲ್ದಿದ್ರೆ ಯಾವುದು ಓದಬೇಕು ಯಾವುದು ಬಿಡಬೇಕು ಅಂತ ಜನಕ್ಕೆ ಹೆಂಗಯ್ಯಾ ಗೊತ್ತಾಗುತ್ತೆ? ಲಕ್ಷ ಕಥೆ ಇವೆ ಅಲ್ಲಿ."

"ನೀರು ಬುಡೋನಿಗೆ ಯಾರೂ ಚುಕ್ಕಿ ಕೊಡಕ್ಕಿಲ್ಲ ಸಾ. ಬರದೇ ಓದ್ರೆ ಬಯ್ತಾರೆ. ಆದ್ರೆ ಎದುರ್ಗೆ ನಿಂತ್ಕಂಡು ಬಯ್ತಾರೆ. ಯಾವ ಬೀದಿ, ಯಾವ ನಲ್ಲಿ, ಅದೂ ಯೋಳ್ತಾರೆ. ಅದೇ ವಾಸಿ."

ಮೇಷ್ಟ್ರು ಕಾಫಿ ಕುಡಿದು, "ನಿನ್ನ ಕೂಡೆ ವಾದ ಮಾಡೋಕಾಗಲ್ಲಪ್ಪ" ಅಂತ ಎದ್ದು ಹೋದರು.

ಎರಡೂವರೆ ತಿಂಗಳು ಒಂದಕ್ಷರ ಬರೆಯಲಿಲ್ಲ. ಟ್ಯಾಂಕು ತುಂಬೋವರೆಗೆ ಸುಮ್ಮನೆ ಕೂತಿರೋರು. ತುಂಬಿ ಚೆಲ್ಲಿದರೂ ಗೊತ್ತಾಗುತ್ತಿರಲಿಲ್ಲ. ಊರಲ್ಲಿ ಆಡಿಕೊಂಡರು, "ಚಿಕ್ಕಯ್ಯಂಗೆ ವಯಸ್ಸಾಯ್ತು ಕಣ್ಲಾ" ಅಂತ.

ಒಂದು ದಿನ ಸೊಪ್ಪು ಬಿಡಿಸುತ್ತಾ ನನಗೆ ನೆನಪಾಯ್ತು. ಕೇಳಿದೆ.

"ಅಲ್ಲಾ, ಆ ಎಂಗ್ಸು ನಾಗಮಂಗ್ಲದ ಬಸ್‌ಸ್ಟ್ಯಾಂಡಲ್ಲೇ ಕೂತವ್ಳಲ್ಲ. ಎಲ್ರಿಗೂ ಊಟ ಆಯ್ತಾ ಅನ್ನೋಳು. ಅವ್ಳು ಏನಾರ ಉಂಡ್ಲಾ?"

ನನ್ನ ಮುಖ ನೋಡಿದರು. ನಕ್ಕರು. ಎರಡೂವರೆ ತಿಂಗಳಾದ ಮೇಲೆ ನಕ್ಕದ್ದು. "ಅಯ್ಯೋ, ಇಲ್ಲ ಕಣಮ್ಮಿ" ಅಂದರು. ಮಾರನೇ ದಿನವೇ ಬರೆಯೋಕೆ ಕೂತರು. ಪುಟ್ಟತಾಯಮ್ಮ ಬಿಸಿ ಬಿಸಿ ಇಡ್ಲಿ ತಿಂದು ಪೇಟೆ ಬಸ್ಸು ಹತ್ತಿದಳು. ಪೇಟೆಯಲ್ಲಿ ಟೆಂಟು ಇದ್ದ ಜಾಗ ಹುಡುಕಿದಳು, ಸಿಗಲಿಲ್ಲ. ಕಿಕ್ಕೇರಿಗೆ ಬಂದಳು. ಆಮೇಲೆ ಅಕ್ಕಿಹೆಬ್ಬಾಳು.

"ನಿಮ್ಮೂರ್ಗೆ ಕರ್ಕಬಂದಿವ್ನಿ" ಅಂದರು ಅವತ್ತು. ಹೊಳೆ, ನಾನು ಪಾತ್ರೆ ತಿಕ್ಕುತ್ತಿದ್ದ ಕಲ್ಲು, ಸಣ್ಣ ರೈಲ್ವೆ ಸ್ಟೇಷನ್ನು, ಎಲ್ಲ ಹಾಕಿದ್ದರು. ನನ್ನ ನೋಡೋಕೆ ಬಂದಾಗ ರೈಲು ಇಳಿದು ಕೂತಿದ್ದ ಬೆಂಚು ಹಾಕಿದ್ದರು. ಕೊನೇ ಸಾಲು ಇದು. 'ರೈಲು ತಡವಾಗುತ್ತದೆ ಎಂದರು. ಪುಟ್ಟತಾಯಮ್ಮ ಗಂಟನ್ನು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕುಳಿತಳು.'

ಇನ್ನು ಪಾಂಡವಪುರದಲ್ಲಿ ಅಕ್ಷಿತಾನ ಮನೆಯಲ್ಲಿ ಎರಡು ದಿನ ಇದ್ದು ಶ್ರೀರಂಗಪಟ್ಟಣಕ್ಕೆ ಹೋಗಬೇಕಿತ್ತು. ಐದಾರು ಕಂತು ಅಂದಿದ್ದರು. ನಾಲ್ಕು ದಿನಕ್ಕೆ ಟ್ಯಾಂಕಿನ ಹತ್ತಿರ ಹೋಗಿಬಿಟ್ಟರು.

ಚುಕ್ಕಿ ವಿಷಯ ಕೇಳೋಕೆ ಹೋದ ಭಾನುವಾರ ಅಕ್ಷಿತಾ ಬಂದಳು. ನನಗೆ ತೋರಿಸೋಕೆ ಅಂತ ನನ್ನ ಫೋನೇ ತೆಗೆದಳು. ನೋಡುತ್ತಾ ನಿಂತುಬಿಟ್ಟಳು.

"ಅವ್ವ, ಇದೇನವ್ವ? ಒಂದು ಒತ್ತಿದ್ದೀಯ!"

"ಊಂ. ನನ್ನ ಪಾಲಿಂದು."

"ನಿನ್ನ ಪಾಲಾ?"

ಒನಕೆ ಏಟಿನ ಲೆಕ್ಕ ಹೇಳಿದೆ. ಅವಳು ನೆಲದ ಮೇಲೆ ಕೂತಳು. ಅವರವರ ಫೋನಿಂದ ಐದೂ ಅವರವರೇ ಒತ್ತಬೇಕು, ಒಂದೇ ಒತ್ತಿದರೆ ಕಥೆ ಕಸ ಅಂತ ಅರ್ಥ ಅಂದಳು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ನಾನು ಒಳಗೆ ಹೋಗಿ ಒಲೆ ಮೇಲಿದ್ದ ಅನ್ನ ಇಳಿಸಿದೆ.

ವಾರಕ್ಕೊಂದು ಕಂತು. ಎರಡೂವರೆ ತಿಂಗಳಿಗೆ ಹತ್ತು ಕಂತು. ಐದಾರು ಸಾಕಿತ್ತು. ಪುಟ್ಟತಾಯಮ್ಮ ಯಾವಾಗಲೋ ಮನೆ ಸೇರಿರುತ್ತಿದ್ದಳು. ಅವರು ಅದನ್ನು ನೋಡಿ ಹೋಗಿರುತ್ತಿದ್ದರು.

"ಈಗ್ಲೂ ಐದಕ್ಕೆ ತಿದ್ದಬೋದು ಅವ್ವ" ಅಂದಳು ಅಕ್ಷಿತಾ. "ಅಪ್ಪನ ಕತೆ ಮತ್ತೆ ಮುಂದಕ್ಕೆ ಬರುತ್ತೆ. ಫೋನಿಗೆ ನೀನು ಯಾರು ಅಂತ ಬೇಕಿಲ್ಲ."

ಅದು ಸರಿ. ಈಗ ಒನಕೆ ಹಿಡಿಯೋಕೆ ನನ್ನನ್ನ ಯಾರೂ ಕರೆಯೋದಿಲ್ಲ. ಫೋನು ಹಣೆ ನೋಡೋದಿಲ್ಲ. ಬೆರಳು ಇಟ್ಟೆ, ಒತ್ತೋಕೆ ಆಗಲಿಲ್ಲ. ಈಗ ಐದು ಒತ್ತಿದರೆ ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೆ ಗೊತ್ತಾಗೋದಿಲ್ಲ.

ಮೇಷ್ಟ್ರು ಫೋನಿನಲ್ಲಿ ಹೇಳಿದರು. "ಯಶೋದಮ್ಮ, ದುಡುಕಬೇಡಿ. ಚುಕ್ಕಿ ಮುಚ್ಚಿದ್ರೆ ಆ ಕಥೆ ಹೊಸಬರ ಕಣ್ಣಿಗೆ ಬೀಳೋದೇ ಇಲ್ಲ. ಚಿಕ್ಕಯ್ಯನ ಹೆಸರು ಉಳೀಬೇಕೋ ಬೇಡ್ವೋ?"

ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಎರಡು ದಿನ ಯೋಚನೆ ಮಾಡಿದೆ. ಕಥೆಯನ್ನ ಮೊದಲಿಂದ ಇನ್ನೊಂದು ಸಾರಿ ಓದಿದೆ. ನಿಧಾನ, ಅಕ್ಷರ ಕೂಡಿಸಿಕೊಂಡು. ಕೊನೇ ಸಾಲಿನ ಕೆಳಗೆ ಇಂದಿರ ಅವರು ಬರೆದದ್ದು ಇತ್ತು. ಇವರು ಹೋಗಿ ಮೂರು ತಿಂಗಳಾದ ಮೇಲೆ ಬರೆದದ್ದು.

'ಪುಟ್ಟತಾಯಮ್ಮ ಇನ್ನೂ ಸ್ಟೇಷನ್ನಲ್ಲೇ ಇದಾರಾ? ಊಟ ಆಯ್ತಾ ಅವರದು?'

ನಾನು ಸೊಪ್ಪು ಬಿಡಿಸುತ್ತಾ ಕೇಳಿದ್ದೂ ಇದನ್ನೇ. ಅವರನ್ನ ಬರೆಯೋಕೆ ಕೂರಿಸಿದ್ದು ಚುಕ್ಕಿ ಅಲ್ಲ. ಈ ಮಾತು.

ಅಕ್ಷಿತಾಗೆ ಫೋನು ಮಾಡಿದೆ. "ಮುಚ್ಚು ಮಗ."

"ಹಿಂದಕ್ಕೆ ಓಗುತ್ತೆ ಅವ್ವ. ಮೂರು ಜನ ಓದೋದೂ ಕಷ್ಟ."

"ಓಗ್ಲಿ. ಮಾತಾಡೋ ಜಾಗ ಮಾತ್ರ ತಗದೇ ಇಡು."

ಮುಚ್ಚಿದಳು. ಐದು ಚುಕ್ಕಿ ಹೋದವು. ನನ್ನದೂ ಹೋಯ್ತು.

ಆಮೇಲೆ ಕಲ್ಲಿನ ಮೇಲೆ ಹೋಗಿ ಕೂತೆ, ಟ್ಯಾಂಕಿನ ಹತ್ತಿರ. ಈಗ ಬೇರೆಯವರು ನೀರು ಬಿಡುತ್ತಾರೆ. ಇಂದಿರ ಅವರಿಗೆ ಒಂದೇ ಬೆರಳಲ್ಲಿ ಒತ್ತಿ ಉತ್ತರ ಬರೆದೆ. ಟ್ಯಾಂಕು ತುಂಬೋವಷ್ಟು ಹೊತ್ತು ಹಿಡೀತು.

'ಬರೆಯುವವರು ಹೋದರು ತಾಯಿ. ನಾನು ಅವರ ಹೆಂಡತಿ. ಪುಟ್ಟತಾಯಮ್ಮ ಅಕ್ಕಿಹೆಬ್ಬಾಳಿನಲ್ಲೇ ಇದ್ದಾಳೆ. ಅದು ನನ್ನ ತವರು. ಅಲ್ಲಿ ಅವಳ ಊಟಕ್ಕೆ ಏನೂ ತೊಂದರೆ ಇಲ್ಲ.'