ಬದುಕಿರುವವರಿಗೂ ಕಟ್ಟು ಹಾಕಿದವರು

ನಾಲ್ಕೈದು ಸಣ್ಣ ಮೊಳೆಗಳು ಸದಾ ಅವರ ತುಟಿಗಳ ನಡುವೆ ಇರುತ್ತಿದ್ದವು. ಒಂದೊಂದಾಗಿ ತೆಗೆದು ಮರದ ಪಟ್ಟಿಗೆ ಹೊಡೆಯುತ್ತಲೇ, ಬಾಯಿಯ ಎಡಮೂಲೆಯಿಂದ ಮಾತಾಡುತ್ತಿದ್ದರು. ಹೊಸಬರು ಗಾಬರಿಯಾದರೆ, "ನುಂಗಲ್ಲ, ನೀವು ಹೇಳಿ" ಅನ್ನುತ್ತಿದ್ದರು. ಪದ್ಮನಾಭನಗರದ ನಮ್ಮ ರಸ್ತೆಯ ತಿರುವಿನಲ್ಲಿ, ಟ್ಯೂಷನ್ ಸೆಂಟರಿನ ಕೆಳಗೆ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವರದು.

ನಾನು ಮೊದಲು ಹೋದದ್ದು ಒಂದು ಲಕ್ಷ್ಮಿ ಫೋಟೋ ಹಿಡಿದುಕೊಂಡು. ಗೀರು ಬೀಳದಿರಲಿ ಎಂದು ಅದನ್ನು ನಾನೇ ಬರೆದ ಒಂದು ಚಿತ್ರದ ಹಾಳೆಯಲ್ಲಿ ಸುತ್ತಿದ್ದೆ. ನನ್ನ ಚಿತ್ರಗಳಿಗೆ ನಾನು ಕೊಡುತ್ತಿದ್ದ ಮರ್ಯಾದೆ ಅಷ್ಟೇ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಡೈನಿಂಗ್ ಟೇಬಲ್ಲಿನ ಮೇಲೆ ಬರೆದು, ಅವರು ಬರುವಷ್ಟರಲ್ಲಿ ಬೀರುವಿನೊಳಗೆ ಸೀರೆಗಳ ಕೆಳಗೆ ತುರುಕುತ್ತಿದ್ದೆ. ಅಂಗಡಿಯವರು ಲಕ್ಷ್ಮಿಯನ್ನು ಪಕ್ಕಕ್ಕಿಟ್ಟು, ಸುತ್ತಿದ ಹಾಳೆಯನ್ನು ಬಿಡಿಸಿ ಹಿಡಿದರು. ನಮ್ಮತ್ತೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿರುವ ಚಿತ್ರ. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದರು.

"ಇದ್ಯಾರು ಬರೆದಿದ್ದು ಮೇಡಂ?"

"ನಾನೇ. ಸುಮ್ನೆ, ಟೈಂಪಾಸ್‌ಗೆ."

"ಟೈಂಪಾಸ್‌ಗೆ ಕಡ್ಲೆಕಾಯಿ ತಿಂತಾರೆ. ನೋಡಿ, ಮೂವತ್ತು ವರ್ಷದಿಂದ ದೇವ್ರಿಗೆ, ಇಲ್ಲಾಂದ್ರೆ ತೀರ್ಕೊಂಡೋರಿಗೆ ಕಟ್ಟು ಹಾಕ್ತಾನೇ ಇದೀನಿ. ಬದುಕಿರೋರು ಬರೆದಿದ್ದಕ್ಕೆ ಯಾವಾಗ ಹಾಕೋದು?"

ಅವತ್ತೇ ಅವರ ತಲೆಯಲ್ಲಿ ಹುಳ ಕೊರೆಯಲು ಶುರುವಾಯಿತು. ಅಂಗಡಿಗೆ ಬಂದವರನ್ನೆಲ್ಲ, "ನಿಮ್ಮನೇಲಿ ಯಾರಾದ್ರೂ ಚಿತ್ರ ಬರೀತಾರಾ?" ಎಂದು ಕೇಳತೊಡಗಿದರು. ಬರೆಯುವವರು ಅದೆಲ್ಲಿ ಅಡಗಿದ್ದರೋ! ಬ್ಲೌಸ್ ಹೊಲಿಯುವಾಕೆ, ಒಬ್ಬ ಬಸ್ ಕಂಡಕ್ಟರ್, ರಿಟೈರಾದ ನರ್ಸು, ಎಲ್ಲ ಸೇರಿ ಹದಿನಾಲ್ಕು ಜನರಾದೆವು. ಬಡಾವಣೆಯ ಸಂಘದ ಹಾಲಿನಲ್ಲಿ ಪ್ರದರ್ಶನ ಇಡಬೇಕು, ಅದೂ ಎರಡು ತಿಂಗಳಿಗೊಮ್ಮೆ ಇಡುತ್ತಲೇ ಇರಬೇಕು ಎಂದು ಅವರ ಹಟ.

ಸಂಘದ ಕಾರ್ಯದರ್ಶಿ ಒಪ್ಪಲಿಲ್ಲ. "ಅದು ನಾಮಕರಣಕ್ಕೆ, ಯೋಗ ಕ್ಲಾಸಿಗೆ ಇರೋ ಹಾಲ್ ಕಣ್ರೀ. ಎಕ್ಸಿಬಿಷನ್ ಅಂದ್ರೆ ಜಯನಗರದ ಕಡೆ ಎಲ್ಲಾದ್ರೂ ನೋಡ್ಕೊಳ್ಳಿ."

"ಜಯನಗರದೋರಿಗೆ ನಮ್ಮೋರು ಯಾರು ಅಂತ ಗೊತ್ತಿಲ್ಲ ಸಾರ್. ಇಲ್ಲೇ ಆಗ್ಬೇಕು."

ನಾಲ್ಕು ಭಾನುವಾರ ಕಾರ್ಯದರ್ಶಿಯ ಮನೆ ಗೇಟಿನ ಮುಂದೆ ಹೋಗಿ ನಿಂತರು. ಐದನೆಯ ಭಾನುವಾರ ಕಾರ್ಯದರ್ಶಿ ಸೋತರು. "ಒಂದೇ ಒಂದು ದಿನ. ಏನಾದ್ರೂ ಎಡವಟ್ಟಾದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡಿ. ಹೊಸ ಪೇಂಟು, ಗೋಡೆಗೆ ಮೊಳೆ ಹೊಡೀಬಾರದು."

ಮೊಳೆ ಹೊಡೆದೇ ಬದುಕಿದವರಿಗೆ ಈ ಮಾತು! ಅವರು ನಕ್ಕು, ಕಿಟಕಿಯ ಸರಳಿನಿಂದ ಸರಳಿಗೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಗಿದು ಚಿತ್ರಗಳನ್ನು ತೂಗುಹಾಕಿದರು. ನನ್ನದು ಒಂದೇ ಷರತ್ತು: ಚಿತ್ರದ ಕೆಳಗೆ ನನ್ನ ಹೆಸರು ಬೇಡ. ಜನ ಏನಂದುಕೊಳ್ಳುತ್ತಾರೋ ಎಂಬ ಭಯ. ನನ್ನನ್ನು ನೋಡಿ ಉಳಿದವರೂ ಬೇಡ ಅಂದರು. ಅಂಗಡಿಯವರಿಗೆ ಇಷ್ಟವಿರಲಿಲ್ಲ, ಆದರೂ ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಯ ಹೆಂಡತಿ ದೀಪ ಹಚ್ಚಲೆಂದು ಬೇಗ ಬಂದರು. ಗಣಪತಿಗೆ ಹಾಕಿ ಒಂದು ಸೇವಂತಿಗೆ ಹಾರ ಮಿಕ್ಕಿತ್ತು. ನೋಡಿದರೆ ಎದುರಿಗೆ ಕಟ್ಟು ಹಾಕಿಸಿದ ಒಬ್ಬ ವಯಸ್ಸಾದ ಹೆಂಗಸಿನ ಚಿತ್ರ, ಕೆಳಗೆ ಹೆಸರೂ ಇಲ್ಲ. ಯಾರದೋ ತೀರಿಕೊಂಡ ತಾಯಿ ಇರಬೇಕು ಎಂದು ಪಾಪ, ಭಕ್ತಿಯಿಂದ ಹಾರ ಹಾಕಿ, ಎರಡು ಊದುಬತ್ತಿ ಹಚ್ಚಿ ಕೈಮುಗಿದರು. ಸರಿಯಾಗಿ ಅದೇ ಹೊತ್ತಿಗೆ ನಮ್ಮತ್ತೆ ಒಳಗೆ ಬಂದರು.

"ಅಯ್ಯೋ! ನನ್ನನ್ನ ಯಾವಾಗ್ರೇ ಸಾಯಿಸಿದ್ರಿ?"

ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು. "ನಾನು ಹೇಳಿರ್ಲಿಲ್ವಾ? ಶುಭಕಾರ್ಯ ಮಾಡೋ ಜಾಗದಲ್ಲಿ ಇದೆಂಥ ಅಪಶಕುನ. ಬಿಚ್ಚಿ ಎಲ್ಲಾನೂ." ನಾಚಿಕೆಯಾಗಿ, ಚಿತ್ರವನ್ನು ಹರಿದುಹಾಕಿ ಮನೆಗೆ ಓಡಬೇಕೆನಿಸಿತು. ಹಗ್ಗಕ್ಕೆ ಕೈಯನ್ನೂ ಹಾಕಿದೆ.

ಅಂಗಡಿಯವರು ನನ್ನ ಕೈಗೆ ಅಡ್ಡ ಬಂದರು. ಹಾರ ತೆಗೆದು ಹೊರಗೆ ತುಳಸಿ ಕಟ್ಟೆಯ ಬುಡದಲ್ಲಿಟ್ಟು, ಒಂದು ಕುರ್ಚಿ ತಂದು ಚಿತ್ರದ ಕೆಳಗೇ ಹಾಕಿದರು. "ತಪ್ಪಾಯ್ತು ಅಮ್ಮ. ಇಲ್ಲಿ ಕೂತ್ಕೊಳ್ಳಿ. ನಿಮ್ಮನ್ನ ನೋಡಿದ್ಮೇಲೆ ಯಾರಿಗೂ ಅನುಮಾನ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ ಪೆನ್ನು ಚಾಚಿದರು. ಮುಖದಲ್ಲಿ ನಗುವಿರಲಿಲ್ಲ. "ಬರೆದೋರು ಬಚ್ಚಿಟ್ಕೊಂಡ್ರೆ ಹಿಂಗೇ ಆಗೋದು ಮೇಡಂ. ಹೆಸರು ಬರೀರಿ."

ಪೆನ್ನು ತೆಗೆದುಕೊಂಡು ಬರೆದೆ. ನನ್ನ ಹಿಂದೆಯೇ ಕಂಡಕ್ಟರ್ ಬರೆದರು, ನರ್ಸು ಬರೆದರು. ಅತ್ತೆ ಮಾತ್ರ ಸಂಜೆಯವರೆಗೂ ಆ ಕುರ್ಚಿ ಬಿಡಲಿಲ್ಲ. "ಸೊಸೆ ಬರೆದಿದ್ದು. ಮೂಗು ಸ್ವಲ್ಪ ದಪ್ಪ ಮಾಡ್ಬಿಟ್ಟಿದಾಳೆ" ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಅದನ್ನು ಕೇಳಲಿಕ್ಕೆಂದೇ ಅಕ್ಕಪಕ್ಕದ ರಸ್ತೆಯವರೂ ಬಂದರು. ಮುಂದಿನ ಸಲ ಹಾಲ್ ಯಾವಾಗ ಬೇಕೆಂದು ಕಾರ್ಯದರ್ಶಿಯೇ ಕೇಳಿದರು.

ಹೀಗೆ ಆರು ವರ್ಷ ನಡೆಯಿತು. ಹೋದ ವರ್ಷ ಅತ್ತೆಯ ಸೊಂಟದ ಆಪರೇಷನ್, ಆಸ್ಪತ್ರೆ, ಓಡಾಟ. ಬ್ರಷ್ ಮುಟ್ಟಿ ತಿಂಗಳುಗಳಾಗಿದ್ದವು. "ಈ ಸಲ ನಂದು ಇಲ್ಲ, ಬಿಟ್ಬಿಡಿ" ಎಂದು ಫೋನಿನಲ್ಲಿ ಹೇಳಿದೆ. ಅವರು "ಹೂಂ" ಅಂದರು. ಅದೇ ವಾರ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಕಾರ್ಯ ಮುಗಿದ ಮೇಲೆ ಅವರ ಹೆಂಡತಿ ಅಂಗಡಿಗೆ ಕರೆದರು. ಮುಂದಿನ ಪ್ರದರ್ಶನದ ಚಿತ್ರಗಳೆಲ್ಲ ಕಟ್ಟು ಹಾಕಿ ಸಿದ್ಧವಾಗಿದ್ದವು. ಕೊನೆಯಲ್ಲಿ ಗಾಜು ಒರೆಸಿಟ್ಟ ಒಂದು ಖಾಲಿ ಕಟ್ಟು.

"ಇದ್ಯಾರದು?" ಅಂದೆ.

"ನಿಮ್ದೇ. ಇಲ್ಲ ಅಂದಿದಾರಲ್ಲ, ಯಾಕ್ ಮಾಡ್ತಿದೀರಾ ಅಂತ ಕೇಳ್ದೆ. ಮೇಡಂದು ಬರುತ್ತೆ, ನೀನು ಸುಮ್ನಿರು ಅಂದ್ರು."

ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಪ್ರದರ್ಶನಕ್ಕೆ ಇನ್ನು ನಾಲ್ಕು ದಿನವಿತ್ತು. ಅವರ ಟೇಪಿನಲ್ಲೇ ಕಟ್ಟಿನ ಅಳತೆ ತೆಗೆದು, ದಾರಿಯಲ್ಲಿ ಡ್ರಾಯಿಂಗ್ ಹಾಳೆ ಕೊಂಡು ಮನೆಗೆ ಬಂದೆ.